ಕಚೇರಿಯ ಇಂಟರ್ನೆಟ್ ರೂಟರ್‌ಗೆ ದೂರವಾಣಿ ಜೋಡಣೆ

ಕಚೇರಿಯ ಇಂಟರ್ನೆಟ್ ರೂಟರ್‌ಗೆ ದೂರವಾಣಿ ಜೋಡಣೆ ಎಂದರೆ ಕಚೇರಿ, ಅಂಗಡಿ, ಆಸ್ಪತ್ರೆ, ಹೋಟೆಲು ಮುಂತಾದೆಡೆ ಇಂಟರ್ನೆಟ್ ಒದಗಿಸುವ ರೂಟರ್‌ಗೇ ಅನಲಾಗ್, ಐಎಸ್‌ಡಿಎನ್, ಕಾರ್ಡ್‌ಲೆಸ್ ಮತ್ತು ಐಪಿ ದೂರವಾಣಿಗಳನ್ನು ಸೇರಿಸಿ, ಅವುಗಳ ಕರೆಗಳನ್ನು ಇಂಟರ್ನೆಟ್ ಪ್ರೋಟೊಕಾಲ್ ಮೂಲಕ ಸಾರ್ವಜನಿಕ ದೂರವಾಣಿ ಜಾಲಕ್ಕೆ ತಲುಪಿಸುವ ವ್ಯವಸ್ಥೆ. ಹಿಂದೆ ದೂರವಾಣಿ ಕೇಂದ್ರ ಮಾಡುತ್ತಿದ್ದ ಕೆಲಸಗಳಲ್ಲಿ ಹೆಚ್ಚಿನವು, ಅಂದರೆ ತಂತಿಗೆ ವಿದ್ಯುತ್ ಕೊಡುವುದು, ಡಯಲ್ ಟೋನ್ ಕೇಳಿಸುವುದು, ಗಂಟೆ ಬಾರಿಸುವುದು, ಒತ್ತಿದ ಅಂಕಿಗಳನ್ನು ಗುರುತಿಸುವುದು, ಇಲ್ಲಿ ರೂಟರ್‌ನ ಪಾಲಿಗೆ ಬರುತ್ತವೆ. ಇಂತಹ ಸಾಮರ್ಥ್ಯವುಳ್ಳ ರೂಟರನ್ನು ಈ ಲೇಖನದಲ್ಲಿ ಧ್ವನಿ ರೂಟರ್ ಎಂದು ಕರೆಯಲಾಗಿದೆ. ಫೈಬರ್ ಸಂಪರ್ಕದಲ್ಲಿ ಗ್ರಾಹಕರ ಗೋಡೆಯ ಮೇಲಿರುವ, ಫೈಬರಿನ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವ ಓಎನ್‌ಟಿ ಪೆಟ್ಟಿಗೆಯೂ ಈ ವರ್ಗಕ್ಕೆ ಸೇರಬಹುದು.

ಹಿನ್ನೆಲೆ

ಅಲೆಕ್ಸಾಂಡರ್ ಗ್ರಹಾಂ ಬೆಲ್ 1876ರಲ್ಲಿ ಪೇಟೆಂಟ್ ಪಡೆದ ಮೇಲೆ ಬೆಳೆದ ದೂರವಾಣಿ ಜಾಲಗಳಲ್ಲಿ ಬುದ್ಧಿಯೆಲ್ಲ ಕೇಂದ್ರದಲ್ಲಿತ್ತು. ಗ್ರಾಹಕರ ಮೇಜಿನ ಮೇಲಿನ ಉಪಕರಣ ತೀರ ಸರಳ. ಎರಡು ತಾಮ್ರದ ತಂತಿಗಳ ಮೇಲೆ ಕೇಂದ್ರದ ಬ್ಯಾಟರಿಯಿಂದ 48 ವೋಲ್ಟ್ ನೇರ ವಿದ್ಯುತ್ ಬರುತ್ತಿತ್ತು. ಊರಿನಲ್ಲಿ ಕರೆಂಟು ಹೋದರೂ ಫೋನು ಕೆಲಸ ಮಾಡುತ್ತಿದ್ದುದು ಇದರಿಂದಲೇ. ಭಾರತದಲ್ಲಿ ಇಂತಹ ಉಪಕರಣಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಕಾರ್ಖಾನೆಯ ಸುತ್ತಲಿನ ಬಡಾವಣೆಗೆ ದೂರವಾಣಿನಗರ ಎಂಬ ಹೆಸರೇ ಬಂದಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಸ್ವಯಂಚಾಲಿತ ಕೇಂದ್ರ ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ಕರ್ನಾಟಕದ ಕಿತ್ತೂರಿನಲ್ಲಿ.

ಹಲವು ಫೋನುಗಳು ಬೇಕಾದ ಕಚೇರಿಗಳು ಸ್ವಂತ ವಿನಿಮಯ ಯಂತ್ರ ಇಟ್ಟುಕೊಳ್ಳುತ್ತಿದ್ದವು. ಭಾರತದಲ್ಲಿ ಇಂದಿಗೂ ಅದನ್ನು ಇಪಿಎಬಿಎಕ್ಸ್ ಎಂದೇ ಕರೆಯುತ್ತಾರೆ. ಧ್ವನಿಯನ್ನು ಅಂಕಿರೂಪಕ್ಕೆ ತರುವ ಜಿ.711 ಮಾನದಂಡ 1972ರದು. ಗ್ರಾಹಕರ ಉಪಕರಣದವರೆಗೂ ಅಂಕಿರೂಪದಲ್ಲೇ ಸಂಕೇತ ತಲುಪಿಸುವ ಐಎಸ್‌ಡಿಎನ್ ಸೇವೆ 1980ರ ದಶಕದ ಕೊನೆಗೆ ಜಪಾನ್, ಜರ್ಮನಿಗಳಲ್ಲಿ ಬಳಕೆಗೆ ಬಂತು.

ಇಂಟರ್ನೆಟ್ ಮೂಲಕ ಮಾತನಾಡುವ ಮೊದಲ ಜನಪ್ರಿಯ ವಾಣಿಜ್ಯ ತಂತ್ರಾಂಶವನ್ನು ಇಸ್ರೇಲಿನ ವೋಕಲ್‌ಟೆಕ್ ಕಂಪನಿ 1995ರಲ್ಲಿ ಹೊರತಂದಿತು. ಮರುವರ್ಷ ಧ್ವನಿಯ ಪ್ಯಾಕೆಟ್‌ಗಳನ್ನು ಸಾಗಿಸುವ ಆರ್‌ಟಿಪಿ ಮತ್ತು ಕರೆ ನಿಯಂತ್ರಿಸುವ ಎಚ್.323 ಮಾನದಂಡಗಳು ಪ್ರಕಟವಾದವು. 1999ರಲ್ಲಿ ಬಂದು 2002ರಲ್ಲಿ ಪರಿಷ್ಕೃತವಾದ ಸಿಪ್ ಪ್ರೋಟೊಕಾಲ್ ಎಚ್.323ಕ್ಕಿಂತ ಹಗುರವಾಗಿತ್ತು, ಕಚೇರಿ ದೂರವಾಣಿಯಲ್ಲಿ ಇಂದು ಅದರದೇ ಬಳಕೆ ಹೆಚ್ಚು. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಬರೆಯಲು ಆರಂಭಿಸಿದ ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶ ಸಾಮಾನ್ಯ ಕಂಪ್ಯೂಟರನ್ನೇ ಇಪಿಎಬಿಎಕ್ಸ್ ಆಗಿಸಿತು. ಬರ್ಲಿನ್‌ನ ಎವಿಎಂ ಕಂಪನಿ 2004ರಿಂದ ತಯಾರಿಸಿದ ಫ್ರಿಟ್ಜ್‌ಬಾಕ್ಸ್ ಮಾಲಿಕೆಯಲ್ಲಿ ಮೋಡೆಮ್, ರೂಟರ್ ಮತ್ತು ಸಣ್ಣ ವಿನಿಮಯ ಯಂತ್ರ ಒಂದೇ ಪೆಟ್ಟಿಗೆಗೆ ಬಂದವು.

ರೂಟರ್‌ನ ಒಳರಚನೆ

ಧ್ವನಿ ರೂಟರ್‌ನಲ್ಲಿ ಸಾಮಾನ್ಯ ರೂಟರ್‌ನ ಭಾಗಗಳ ಜೊತೆಗೆ ಇನ್ನೂ ಮೂರು ಇರುತ್ತವೆ. ಫೋನಿನ ತಂತಿಗೆ ವಿದ್ಯುತ್ ಕೊಟ್ಟು, ರಿಸೀವರ್ ಎತ್ತಿದ್ದನ್ನು ಪತ್ತೆಹಚ್ಚಿ, ಗಂಟೆಗೆ ಬೇಕಾದ ಪರ್ಯಾಯ ವಿದ್ಯುತ್ ಹುಟ್ಟಿಸುವ ಲೈನ್ ಚಿಪ್ ಮೊದಲನೆಯದು. ಧ್ವನಿಯನ್ನು ಅಂಕಿರೂಪಕ್ಕೂ ಅಂಕಿರೂಪವನ್ನು ಧ್ವನಿಗೂ ಬದಲಿಸುವುದು, ಪ್ರತಿಧ್ವನಿ ಅಳಿಸುವುದು ಸಂಕೇತ ಸಂಸ್ಕಾರಕದ ಕೆಲಸ. ಸೇವಾದಾತರ ಸರ್ವರ್‌ಗೆ ಸಂಖ್ಯೆ ಮತ್ತು ಗುಪ್ತಪದ ಕೊಟ್ಟು ನೋಂದಾಯಿಸಿಕೊಂಡು ಕರೆ ಮಾಡುವುದು, ಸ್ವೀಕರಿಸುವುದು ಸಿಪ್ ತಂತ್ರಾಂಶದ ಕೆಲಸ. ವ್ಯಾಪಾರಿ ಬಳಕೆಯ ಮಾದರಿಗಳಲ್ಲಿ ಇದರ ಮೇಲೆ ಎಕ್ಸ್‌ಟೆನ್ಶನ್ ಸಂಖ್ಯೆ, ಕರೆ ವರ್ಗಾವಣೆ, ಕಾಯುವವರಿಗೆ ಸಂಗೀತ, ಧ್ವನಿಪೆಟ್ಟಿಗೆ ಮುಂತಾದ ಸೌಲಭ್ಯಗಳೂ ಇರುತ್ತವೆ.

ಜೋಡಣೆಯಲ್ಲಿ ಮೊದಲು ತಿಳಿಯಬೇಕಾದ ಭೇದ ಎಫ್‌ಎಕ್ಸ್‌ಎಸ್ ಮತ್ತು ಎಫ್‌ಎಕ್ಸ್‌ಓ ಪೋರ್ಟ್‌ಗಳದು. ಎಫ್‌ಎಕ್ಸ್‌ಎಸ್ ಪೋರ್ಟ್ ವಿದ್ಯುತ್ ಮತ್ತು ಡಯಲ್ ಟೋನ್ ಕೊಡುತ್ತದೆ. ಅದಕ್ಕೆ ಸೇರಿಸಬೇಕಾದದ್ದು ಫೋನು. ಎಫ್‌ಎಕ್ಸ್‌ಓ ಪೋರ್ಟ್ ಅವನ್ನು ಪಡೆಯುತ್ತದೆ. ಅದಕ್ಕೆ ಸೇರಿಸಬೇಕಾದದ್ದು ದೂರವಾಣಿ ಕೇಂದ್ರದಿಂದ ಬಂದ ಲೈನು. ಎರಡಕ್ಕೂ ಆರ್‌ಜೆ11 ಸಾಕೆಟ್ಟೇ ಇರುವುದರಿಂದ ನೋಡಲು ವ್ಯತ್ಯಾಸ ಕಾಣದು. ಎಫ್‌ಎಕ್ಸ್‌ಎಸ್ ಪೋರ್ಟ್‌ಗೆ ಕೇಂದ್ರದ ಲೈನು ಚುಚ್ಚಿದರೆ ವಿದ್ಯುತ್ ಕೊಡುವ ಎರಡು ಮೂಲಗಳು ಎದುರುಬದುರಾಗಿ ಪೋರ್ಟ್ ಹಾಳಾಗುವ ಸಂಭವವಿದೆ. ಕಟ್ಟಡದ ಹಳೆಯ ಫೋನ್ ತಂತಿಗಳಿಗೆ ರೂಟರ್‌ನಿಂದ ಲೈನು ಕೊಡುವಾಗ, ಹೊರಗಿನಿಂದ ಬರುವ ತಾಮ್ರದ ಜೋಡಿಯನ್ನು ಮೊದಲು ಪೂರ್ತಿ ಬಿಚ್ಚಬೇಕಾದದ್ದೂ ಇದಕ್ಕಾಗಿಯೇ.

ಅನಲಾಗ್ ದೂರವಾಣಿಗಳು

ಸಾಮಾನ್ಯ ಲ್ಯಾಂಡ್‌ಲೈನ್ ಫೋನು, ಸ್ವಂತ ತಳಪೆಟ್ಟಿಗೆಯಿರುವ ಕಾರ್ಡ್‌ಲೆಸ್ ಫೋನು, ಫ್ಯಾಕ್ಸ್ ಯಂತ್ರ ಮತ್ತು ಉತ್ತರಿಸುವ ಯಂತ್ರ ಈ ಬಗೆಯವು. ಇವು ಎಫ್‌ಎಕ್ಸ್‌ಎಸ್ ಪೋರ್ಟ್‌ಗೆ ನೇರವಾಗಿ ಸೇರುತ್ತವೆ. ರೂಟರ್‌ನಲ್ಲಿ ಆ ಪೋರ್ಟ್ ಇಲ್ಲದಿದ್ದರೆ ಎಟಿಎ ಎಂಬ ಚಿಕ್ಕ ಹೊಂದಾಣಿಕೆ ಪೆಟ್ಟಿಗೆಯನ್ನು ಈಥರ್ನೆಟ್ ಪೋರ್ಟ್‌ಗೆ ಜೋಡಿಸಿ ಅದರಿಂದ ಫೋನಿಗೆ ತಂತಿ ಎಳೆಯಬಹುದು. ಫಲ ಒಂದೇ, ಸಂರಚಿಸಬೇಕಾದ ಉಪಕರಣ ಮಾತ್ರ ಒಂದು ಹೆಚ್ಚು.

ಅಂಕಿ ಕಳುಹಿಸುವ ಕ್ರಮದಲ್ಲಿ ಎರಡು ಬಗೆ. ಡಯಲು ತಿರುಗಿಸುವ ಫೋನು ಸೆಕೆಂಡಿಗೆ ಸುಮಾರು 10ರಂತೆ ತಂತಿಯ ವಿದ್ಯುತ್ತನ್ನು ಕಡಿದು ಕೂಡಿಸುತ್ತದೆ. ಅಮೆರಿಕದ ಬೆಲ್ ಜಾಲದಲ್ಲಿ 1963ರಲ್ಲಿ ಬಳಕೆಗೆ ಬಂದ ಡಿಟಿಎಂಎಫ್ ಕ್ರಮದಲ್ಲಿ ಪ್ರತಿ ಗುಂಡಿಗೂ ಎರಡು ಸ್ವರಗಳು ಒಟ್ಟಿಗೆ ಹೊರಡುತ್ತವೆ. ಉದಾಹರಣೆಗೆ 5ನ್ನು ಒತ್ತಿದರೆ 770 ಮತ್ತು 1336 ಹರ್ಟ್ಸ್. ಹೆಚ್ಚಿನ ಧ್ವನಿ ರೂಟರ್‌ಗಳು ಡಿಟಿಎಂಎಫ್ ಮಾತ್ರ ಗುರುತಿಸುತ್ತವೆ. ತಿರುಗಿಸುವ ಫೋನಿನಲ್ಲಿ ಬಂದ ಕರೆ ಸ್ವೀಕರಿಸಬಹುದು, ಹೊರಗೆ ಕರೆ ಮಾಡಲು ಮಾತ್ರ ಪರಿವರ್ತಕ ಬೇಕು. ಗುಂಡಿಯ ಫೋನುಗಳ ತಳದಲ್ಲಿ ಪಲ್ಸ್, ಟೋನ್ ಎಂಬ ಪುಟ್ಟ ಸ್ವಿಚ್ ಇದ್ದರೆ ಅದು ಟೋನ್ ಕಡೆಗಿರಬೇಕು. ಅಂಕಿಗಳನ್ನು ಒತ್ತಿ ಮುಗಿಸಿದ ಮೇಲೆ ಕೆಲವು ಸೆಕೆಂಡು ಏನೂ ಕೇಳಿಸದಿರುವುದು ಈ ವ್ಯವಸ್ಥೆಯಲ್ಲಿ ಸಾಮಾನ್ಯ. ಇನ್ನೂ ಅಂಕಿ ಬರುತ್ತದೆಯೇ ಎಂದು ರೂಟರ್ ಕಾಯುತ್ತಿರುತ್ತದೆ. ಹಲವು ಮಾದರಿಗಳಲ್ಲಿ ಕೊನೆಗೆ ಹ್ಯಾಶ್ ಗುಂಡಿ ಒತ್ತಿದರೆ ಕರೆ ಕೂಡಲೇ ಹೋಗುತ್ತದೆ.

ಒಂದೇ ಪೋರ್ಟ್‌ಗೆ ಹಲವು ಫೋನುಗಳನ್ನು ಸಮಾಂತರವಾಗಿ ಸೇರಿಸಿದರೆ ಗಂಟೆಗೆ ಬೇಕಾಗುವ ಶಕ್ತಿ ಹಂಚಿಹೋಗಿ, ಲೋಹದ ಗಂಟೆಯಿರುವ ಹಳೆಯ ಫೋನುಗಳು ಬಾರಿಸದೆ ಉಳಿಯುತ್ತವೆ. ಈ ಹೊರೆಯನ್ನು ಅಳೆಯಲು ಆರ್‌ಇಎನ್ ಎಂಬ ಮಾನವಿದೆ. ಪೋರ್ಟ್ ಎಷ್ಟು ಆರ್‌ಇಎನ್ ತಾಳುತ್ತದೆಂಬುದು ರೂಟರ್‌ನ ಕೈಪಿಡಿಯಲ್ಲಿರುತ್ತದೆ. ಕರೆ ಮಾಡಿದವರ ಸಂಖ್ಯೆ ತೋರಿಸುವ ಕ್ರಮ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಅದು ಮೊದಲ ಎರಡು ಗಂಟೆಗಳ ನಡುವಿನ ಬಿಡುವಿನಲ್ಲಿ ಬರುತ್ತದೆ, ಬೇರೆ ಕೆಲವು ಕಡೆ ಗಂಟೆಗೆ ಮೊದಲೇ ಬರುತ್ತದೆ. ಫೋನು ಬಾರಿಸಿದರೂ ಸಂಖ್ಯೆ ಕಾಣದಿದ್ದರೆ ರೂಟರ್‌ನಲ್ಲಿ ದೇಶದ ಆಯ್ಕೆ ತಪ್ಪಿರುವ ಸಾಧ್ಯತೆ ಹೆಚ್ಚು. ಅದೇ ಆಯ್ಕೆ ಲೈನಿನ ವಿದ್ಯುತ್ ಪ್ರತಿರೋಧವನ್ನೂ ನಿರ್ಧರಿಸುವುದರಿಂದ, ತಪ್ಪಿದಾಗ ಮಾತಾಡುವವರಿಗೆ ತಮ್ಮದೇ ದನಿ ಮರಳಿ ಕೇಳಿಸಲೂಬಹುದು.

ಕಚೇರಿಯ ಗೋಡೆಗಳಲ್ಲಿ ಈಥರ್ನೆಟ್ ಕೇಬಲ್ ಇದ್ದರೆ ಅನಲಾಗ್ ಫೋನಿಗೆ ಬೇರೆ ತಂತಿ ಬೇಡ. ಆರ್‌ಜೆ45 ಸಾಕೆಟ್ಟಿನ 4 ಮತ್ತು 5ನೆಯ ಸಂಪರ್ಕಗಳು ನಡುವಿನ ಜೋಡಿ. ಆರ್‌ಜೆ11 ಪ್ಲಗ್ಗಿನ ನಡುವಿನ ಜೋಡಿ ಅಲ್ಲಿಗೇ ತಾಗುತ್ತದೆ. ಪ್ಯಾಚ್ ಪ್ಯಾನೆಲ್ಲಿನಲ್ಲಿ ಆ ಕೇಬಲನ್ನು ಸ್ವಿಚ್ಚಿಗೆ ಕೊಡುವ ಬದಲು ಎಫ್‌ಎಕ್ಸ್‌ಎಸ್ ಪೋರ್ಟ್‌ಗೆ ಕೊಟ್ಟರೆ ಸಾಕು. ಇಲ್ಲಿ ಎರಡು ಅಪಾಯಗಳಿವೆ. ಕಿರಿದಾದ ಆರ್‌ಜೆ11 ಪ್ಲಗ್ ಆರ್‌ಜೆ45 ಸಾಕೆಟ್ಟಿನ ಅಂಚಿನ ಸಂಪರ್ಕಗಳನ್ನು ಬಗ್ಗಿಸಬಹುದು. ಗಂಟೆಯ ವೋಲ್ಟೇಜ್ ಸಾಮಾನ್ಯವಾಗಿ 50ರಿಂದ 90ರವರೆಗೆ ಇರುವುದರಿಂದ ಅದು ಕಂಪ್ಯೂಟರಿನ ಈಥರ್ನೆಟ್ ಪೋರ್ಟ್‌ಗೆ ಹರಿದರೆ ಹಾನಿಯಾಗಬಹುದು. ಸಾಕೆಟ್ಟುಗಳ ಮೇಲೆ ಚೀಟಿ ಅಂಟಿಸುವುದು ಇದಕ್ಕೆ ಅಗ್ಗದ, ಪರಿಣಾಮಕಾರಿ ಪರಿಹಾರ.

ಐಎಸ್‌ಡಿಎನ್ ದೂರವಾಣಿಗಳು

ಐಎಸ್‌ಡಿಎನ್‌ನ ಮೂಲ ಸಂಪರ್ಕದಲ್ಲಿ 64 ಕಿಲೋಬಿಟ್‌ಗಳ ಎರಡು ಮಾತಿನ ವಾಹಿನಿಗಳೂ 16 ಕಿಲೋಬಿಟ್‌ಗಳ ಒಂದು ಸಂಕೇತ ವಾಹಿನಿಯೂ ಇರುತ್ತವೆ. ಎಸ್0 ಬಸ್ ಎಂಬ ನಾಲ್ಕು ತಂತಿಗಳ ಹಂಚಿಕೆಯ ಸಾಲಿನಲ್ಲಿ ಎಂಟು ಉಪಕರಣಗಳವರೆಗೆ ಸೇರಿಸಬಹುದು. ಬಸ್ಸಿನ ತುದಿಗಳಲ್ಲಿ 100 ಓಮ್ ರೋಧಕಗಳಿರಬೇಕು. ಜರ್ಮನಿಯ ಮಾರುಕಟ್ಟೆಗಾಗಿ ತಯಾರಾದ ಹಲವು ವ್ಯಾಪಾರಿ ರೂಟರ್‌ಗಳಲ್ಲಿ ಎಸ್0 ಪೋರ್ಟ್ ಇರುತ್ತದೆ. ಹೊರಗಿನ ಜಾಲ ಪೂರ್ತಿ ಐಪಿ ಆದ ಮೇಲೂ ಒಳಗಿನ ಹಳೆಯ ಐಎಸ್‌ಡಿಎನ್ ಫೋನುಗಳನ್ನೂ ವಿನಿಮಯ ಯಂತ್ರಗಳನ್ನೂ ಅದು ಬದುಕಿಸುತ್ತದೆ. ಭಾರತದ ಕಚೇರಿಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು ದೊಡ್ಡ ರೂಪವಾದ ಪಿಆರ್‌ಐ. 2.048 ಮೆಗಾಬಿಟ್‌ಗಳ ಒಂದು ಲೈನಿನಲ್ಲಿ 30 ಕರೆಗಳು ಏಕಕಾಲಕ್ಕೆ ನಡೆಯುತ್ತವೆ.

ಕಾರ್ಡ್‌ಲೆಸ್ ದೂರವಾಣಿಗಳು

ಕಾರ್ಡ್‌ಲೆಸ್ ಫೋನುಗಳ ಡೆಕ್ಟ್ ಮಾನದಂಡವನ್ನು ಯುರೋಪಿನ ಎಟ್ಸಿ ಸಂಸ್ಥೆ 1992ರಲ್ಲಿ ಪ್ರಕಟಿಸಿತು. ಯುರೋಪಿನಲ್ಲಿ ಇದಕ್ಕೆ 1880ರಿಂದ 1900 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಮೀಸಲು. ವೈ-ಫೈಯ 2.4 ಮತ್ತು 5 ಗಿಗಾಹರ್ಟ್ಸ್ ಪಟ್ಟಿಗಳಿಂದ ದೂರವಿರುವ ಕಾರಣ ಒಂದರಿಂದ ಇನ್ನೊಂದಕ್ಕೆ ತೊಂದರೆಯಿಲ್ಲ. ತೆರೆದ ಬಯಲಿನಲ್ಲಿ ಸುಮಾರು 300 ಮೀಟರ್, ಕಟ್ಟಡದೊಳಗೆ ಸುಮಾರು 50 ಮೀಟರ್ ವ್ಯಾಪ್ತಿಯಿದೆ.

ಜೋಡಣೆಗೆ ಮೂರು ದಾರಿಗಳು. ಫೋನಿನ ಸ್ವಂತ ತಳಪೆಟ್ಟಿಗೆಯನ್ನು ಎಫ್‌ಎಕ್ಸ್‌ಎಸ್ ಪೋರ್ಟ್‌ಗೆ ಸೇರಿಸುವುದು ಸುಲಭದ್ದು. ರೂಟರ್‌ನಲ್ಲೇ ಡೆಕ್ಟ್ ಕೇಂದ್ರವಿದ್ದರೆ ಅದರ ಗುಂಡಿ ಒತ್ತಿಹಿಡಿದು, ಫೋನಿನಲ್ಲಿ ನಾಲ್ಕು ಅಂಕಿಗಳ ಗುರುತು ಸಂಖ್ಯೆ ಕೊಟ್ಟು ನೋಂದಾಯಿಸಬಹುದು. ಫ್ರಿಟ್ಜ್‌ಬಾಕ್ಸ್ ಹೀಗೆ ಆರು ಫೋನುಗಳನ್ನು ಸೇರಿಸಿಕೊಳ್ಳುತ್ತದೆ. ಬೇರೆ ಬೇರೆ ತಯಾರಕರ ಫೋನುಗಳು ಒಂದಕ್ಕೊಂದು ಹೊಂದಲು ಜಿಎಪಿ ಎಂಬ ಉಪಮಾನದಂಡವಿದೆ, ಆದರೆ ಅದರಲ್ಲಿ ಖಾತ್ರಿಯಾಗುವುದು ಮೂಲ ಸೌಲಭ್ಯಗಳು ಮಾತ್ರ. ಗೋದಾಮು, ಆಸ್ಪತ್ರೆಗಳಂತಹ ವಿಶಾಲ ಕಟ್ಟಡಗಳಿಗೆ ಈಥರ್ನೆಟ್ಟಿಗೆ ಜೋಡಿಸಿದ ಹಲವು ಐಪಿ-ಡೆಕ್ಟ್ ಕೇಂದ್ರಗಳನ್ನು ಹರಡಿ ಇಡುತ್ತಾರೆ. ಮಾತಾಡುತ್ತ ನಡೆದರೂ ಕರೆ ಒಂದು ಕೇಂದ್ರದಿಂದ ಇನ್ನೊಂದಕ್ಕೆ ದಾಟುತ್ತದೆ.

ಐಪಿ ದೂರವಾಣಿಗಳು ಮತ್ತು ಸಾಫ್ಟ್‌ಫೋನುಗಳು

ಐಪಿ ದೂರವಾಣಿ ಸ್ವತಃ ಒಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಫೋನ್ ಪೋರ್ಟ್ ಬೇಡ. ರೂಟರ್‌ನ ಈಥರ್ನೆಟ್ ಪೋರ್ಟ್, ಸ್ವಿಚ್ ಅಥವಾ ವೈ-ಫೈ ಸಾಕು. ಜಾಲದ ವಿಳಾಸವನ್ನು ತಾನಾಗಿ ಹಂಚುವ ಡಿಎಚ್‌ಸಿಪಿ ಮೂಲಕ ಪಡೆದು, ಸಿಪ್ ಸರ್ವರ್‌ಗೆ ನೋಂದಾಯಿಸಿಕೊಂಡು ಅದು ಕೆಲಸ ಆರಂಭಿಸುತ್ತದೆ. ಆ ಸರ್ವರ್ ರೂಟರ್‌ನೊಳಗಿನ ವಿನಿಮಯ ಯಂತ್ರವಿರಬಹುದು, ಐಪಿ-ಪಿಬಿಎಕ್ಸ್ ಎಂಬ ಕಚೇರಿಯ ಐಪಿ ವಿನಿಮಯ ಯಂತ್ರವಿರಬಹುದು, ಸೇವಾದಾತರ ಕ್ಲೌಡ್ ಇರಬಹುದು. ಫೋನುಗಳು ಹತ್ತಾರು ಇದ್ದಾಗ ಡಿಎಚ್‌ಸಿಪಿಯ 66ನೆಯ ಆಯ್ಕೆಯಲ್ಲಿ ಸಂರಚನಾ ಸರ್ವರಿನ ವಿಳಾಸ ಕೊಟ್ಟರೆ ಎಲ್ಲವೂ ತಮ್ಮ ಸಂರಚನೆಯನ್ನು ತಾವೇ ಇಳಿಸಿಕೊಳ್ಳುತ್ತವೆ.

ಫೋನಿಗೆ ವಿದ್ಯುತ್ ಬರುವುದು ಅಡಾಪ್ಟರಿನಿಂದ, ಇಲ್ಲವೇ ಈಥರ್ನೆಟ್ ಕೇಬಲ್ಲಿನ ಮೂಲಕವೇ ವಿದ್ಯುತ್ ಕಳುಹಿಸುವ ಪಿಓಇ ಕ್ರಮದಿಂದ. 2003ರ ಮಾನದಂಡದಂತೆ ಒಂದು ಪೋರ್ಟ್ 15.4 ವಾಟ್‌ವರೆಗೆ ಕೊಡುತ್ತದೆ, ಸಾಮಾನ್ಯ ಮೇಜಿನ ಫೋನಿಗೆ ಅದು ಧಾರಾಳ. ಹೆಚ್ಚಿನ ರೂಟರ್‌ಗಳಲ್ಲಿ ಪಿಓಇ ಇಲ್ಲವಾದ್ದರಿಂದ ನಡುವೆ ಪಿಓಇ ಸ್ವಿಚ್ ಇಡುವುದು ರೂಢಿ. ಬಹಳಷ್ಟು ಮೇಜಿನ ಫೋನುಗಳ ಹಿಂಬದಿಯಲ್ಲಿ ಎರಡು ಪೋರ್ಟ್‌ಗಳಿರುತ್ತವೆ. ಒಂದಕ್ಕೆ ಗೋಡೆಯ ಕೇಬಲ್, ಇನ್ನೊಂದಕ್ಕೆ ಕಂಪ್ಯೂಟರ್ ಸೇರಿಸಿ ಒಂದೇ ಸಾಕೆಟ್ಟಿನಲ್ಲಿ ಎರಡನ್ನೂ ನಡೆಸಬಹುದು.

ಮೊಬೈಲ್ ಅಥವಾ ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳುವ ಸಾಫ್ಟ್‌ಫೋನಿಗೆ ಪ್ರತ್ಯೇಕ ಉಪಕರಣವೇ ಬೇಡ. ಜಿಯೋ ಫೈಬರ್‌ನ ಸ್ಥಿರ ದೂರವಾಣಿ ಸಂಖ್ಯೆಯನ್ನು ಜಿಯೋಜಾಯಿನ್ ಆ್ಯಪ್ ಮೂಲಕ ಮೊಬೈಲಿನಲ್ಲಿ ಬಳಸುವುದು ಇದಕ್ಕೆ ಪರಿಚಿತ ಉದಾಹರಣೆ.

ಹಳೆಯ ಇಪಿಎಬಿಎಕ್ಸ್

ಹೋಟೆಲು, ಆಸ್ಪತ್ರೆ, ಶಾಲೆಗಳಲ್ಲಿ ನೂರಾರು ಎಕ್ಸ್‌ಟೆನ್ಶನ್‌ಗಳ ಇಪಿಎಬಿಎಕ್ಸ್ ಸುಸ್ಥಿತಿಯಲ್ಲಿದ್ದರೆ ಅದನ್ನು ತೆಗೆಯಬೇಕಿಲ್ಲ. ಅದರ ಹೊರಲೈನು ಪೋರ್ಟ್‌ಗಳನ್ನು ರೂಟರ್‌ನ ಎಫ್‌ಎಕ್ಸ್‌ಎಸ್ ಪೋರ್ಟ್‌ಗಳಿಗೆ ಸೇರಿಸಬಹುದು. ಲೈನುಗಳು ಹೆಚ್ಚಿದ್ದರೆ ಪಿಆರ್‌ಐ ಗೇಟ್‌ವೇ ಮೂಲಕ ಸಿಪ್ ಟ್ರಂಕಿಗೆ, ಅಂದರೆ ಹಲವು ಕರೆಗಳನ್ನು ಒಟ್ಟಿಗೆ ಒಯ್ಯುವ ಸೇವಾದಾತರ ಸಿಪ್ ಸಂಪರ್ಕಕ್ಕೆ, ಜೋಡಿಸಬಹುದು. ಅನಲಾಗ್ ಜೋಡಣೆಯಲ್ಲಿ ಕಾಡುವ ದೋಷವೊಂದಿದೆ. ಹೊರಗಿನವರು ಫೋನ್ ಇಟ್ಟರೂ ಇಪಿಎಬಿಎಕ್ಸ್‌ಗೆ ಅದು ತಿಳಿಯದೆ ಲೈನು ಬಿಡುಗಡೆಯಾಗದು. ಕರೆ ಮುಗಿದಾಗ ರೂಟರ್ ಲೈನಿನ ವಿದ್ಯುತ್ತನ್ನು ಕ್ಷಣಕಾಲ ಕಡಿಯುವಂತೆ ಅಥವಾ ಬ್ಯುಸಿ ಟೋನ್ ಕೊಡುವಂತೆ ಹೊಂದಿಸಿ, ಅದನ್ನು ಗುರುತಿಸುವಂತೆ ಇಪಿಎಬಿಎಕ್ಸನ್ನೂ ಸಿದ್ಧಗೊಳಿಸಿದರೆ ಇದು ನಿವಾರಣೆಯಾಗುತ್ತದೆ.

ಧ್ವನಿಯ ಗುಣಮಟ್ಟ

ಜಿ.711ರಲ್ಲಿ ಧ್ವನಿಯದೇ ವೇಗ 64 ಕಿಲೋಬಿಟ್. 20 ಮಿಲಿಸೆಕೆಂಡಿನ ಪ್ಯಾಕೆಟ್‌ಗಳಾಗಿ ಕಟ್ಟಿ ಈಥರ್ನೆಟ್ಟಿನಲ್ಲಿ ಸಾಗಿಸುವಾಗ ಒಂದು ದಿಕ್ಕಿಗೆ ಸುಮಾರು 87 ಕಿಲೋಬಿಟ್ ಬೇಕು. ಧ್ವನಿಯನ್ನು ಹೆಚ್ಚು ಕುಗ್ಗಿಸುವ ಜಿ.729 ಮಾನದಂಡ ಬಳಸಿದರೆ ಇದು ಸುಮಾರು 31ಕ್ಕೆ ಇಳಿಯುತ್ತದೆ, ಧ್ವನಿಯ ಸೊಗಸೂ ಸ್ವಲ್ಪ ಇಳಿಯುತ್ತದೆ. ಹತ್ತು ಕರೆಗಳು ಒಟ್ಟಿಗೆ ನಡೆದರೂ ಒಂದು ಮೆಗಾಬಿಟ್‌ಗಿಂತ ಕಡಿಮೆ ಸಾಕಾಗುವುದರಿಂದ ಫೈಬರ್ ಸಂಪರ್ಕದಲ್ಲಿ ವೇಗದ ಕೊರತೆ ಅಪರೂಪ. ಮಾತು ಕಡಿಯುವುದಕ್ಕೆ ನಿಜವಾದ ಕಾರಣ ಸಾಮಾನ್ಯವಾಗಿ ಸರದಿ: ದೊಡ್ಡ ಕಡತವೊಂದು ಮೇಲೇರುತ್ತಿದ್ದಾಗ ಧ್ವನಿಯ ಪ್ಯಾಕೆಟ್‌ಗಳು ಅದರ ಹಿಂದೆ ನಿಲ್ಲುತ್ತವೆ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗೆ ಇರಬೇಕೆಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಇದಕ್ಕಾಗಿ ಧ್ವನಿಯ ಪ್ಯಾಕೆಟ್‌ಗಳಿಗೆ ಡಿಎಸ್‌ಸಿಪಿ 46 ಎಂಬ ಆದ್ಯತೆಯ ಗುರುತು ಹಾಕಿ, ಫೋನುಗಳಿಗೆ ವಿಲ್ಯಾನ್ ಎಂಬ ಪ್ರತ್ಯೇಕ ಒಳಜಾಲ ಕೊಟ್ಟು, ರೂಟರ್‌ನಲ್ಲಿ ಅವನ್ನು ಮುಂದೆ ಬಿಡುತ್ತಾರೆ.

ಒಬ್ಬರ ಮಾತು ಮಾತ್ರ ಕೇಳಿ ಇನ್ನೊಬ್ಬರದು ಕೇಳದಿರುವುದು ಬಹುತೇಕ ರೂಟರ್ ಮಾಡುವ ಎನ್‌ಎಟಿ ಎಂಬ ವಿಳಾಸ ಬದಲಾವಣೆಯ ಫಲ. ಇದನ್ನು ಸರಿಪಡಿಸಲೆಂದು ರೂಟರ್‌ಗಳಲ್ಲಿ ಇರಿಸಿದ ಸಿಪ್ ಎಎಲ್‌ಜಿ ಸೌಲಭ್ಯ ಅನೇಕ ವೇಳೆ ಸಂದೇಶಗಳನ್ನು ಕೆಡಿಸುತ್ತದೆ. ಅದನ್ನು ನಿಲ್ಲಿಸಿ ನೋಡುವುದು ದುರಸ್ತಿಯ ಮೊದಲ ಹೆಜ್ಜೆ.

ಫ್ಯಾಕ್ಸ್, ಅಲಾರಂ, ಲಿಫ್ಟ್

ಮಾತಿಗೆ ಒಗ್ಗುವ ಲೈನು ಮೋಡೆಮ್ ಸಂಕೇತಕ್ಕೆ ಒಗ್ಗಬೇಕೆಂದಿಲ್ಲ. ಒಂದು ಪ್ಯಾಕೆಟ್ ಕಳೆದರೆ ಕಿವಿಗೆ ತಿಳಿಯದು, ಫ್ಯಾಕ್ಸಿನ ಹಾಳೆ ಮಾತ್ರ ಅರ್ಧಕ್ಕೆ ನಿಲ್ಲಬಹುದು. ಫ್ಯಾಕ್ಸಿಗಾಗಿಯೇ 1998ರಲ್ಲಿ ಬಂದ ಟಿ.38 ಮಾನದಂಡ ಎರಡೂ ತುದಿಗಳ ಗೇಟ್‌ವೇಗಳಲ್ಲಿ ಇರಬೇಕು, ಇಲ್ಲದಿದ್ದರೆ ಜಿ.711 ಮಾತ್ರ ಬಳಸಿ, ಫ್ಯಾಕ್ಸಿನ ವೇಗ ತಗ್ಗಿಸಬೇಕು. ಕಳ್ಳರ ಅಲಾರಂ, ಬೆಂಕಿಯ ಅಲಾರಂ, ಲಿಫ್ಟಿನೊಳಗಿನ ತುರ್ತು ಫೋನು, ಹಳೆಯ ಕಾರ್ಡ್ ಯಂತ್ರ ಇವು ಯಾರ ಮೇಜಿನ ಮೇಲೂ ಇಲ್ಲದ ಕಾರಣ ಬದಲಾವಣೆಯ ಹೊತ್ತಿನಲ್ಲಿ ಮರೆತುಹೋಗುತ್ತವೆ. ಇವನ್ನು ಒಂದೊಂದಾಗಿ ಪರೀಕ್ಷಿಸುವುದು ಅಗತ್ಯ.

ವಿದ್ಯುತ್, ತುರ್ತು ಕರೆ, ಭದ್ರತೆ

ಕೇಂದ್ರದ ಬ್ಯಾಟರಿಯ ಆಸರೆ ತಪ್ಪಿದ್ದೇ ಈ ವ್ಯವಸ್ಥೆಯ ಅತಿ ದೊಡ್ಡ ಬದಲಾವಣೆ. ಕರೆಂಟು ಹೋದರೆ ರೂಟರ್, ಓಎನ್‌ಟಿ, ಪಿಓಇ ಸ್ವಿಚ್ ಮೂರೂ ನಿಲ್ಲುತ್ತವೆ. ಒಂದಕ್ಕೆ ಮಾತ್ರ ಯುಪಿಎಸ್ ಇದ್ದರೆ ಪ್ರಯೋಜನವಿಲ್ಲ. ಬ್ರಿಟನ್ನಿನ ನಿಯಂತ್ರಕ ಆಫ್‌ಕಾಮ್ 2018ರ ಮಾರ್ಗಸೂಚಿಯಲ್ಲಿ, ಲ್ಯಾಂಡ್‌ಲೈನನ್ನೇ ನಂಬಿದ ಗ್ರಾಹಕರಿಗೆ ಕರೆಂಟು ಹೋದ ಮೇಲೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಸಾಧ್ಯವಾಗುವ ಪರಿಹಾರ ಒದಗಿಸಬೇಕೆಂದಿದೆ. ಹೊರಗೆ ಕರೆ ಮಾಡಲು 0 ಅಥವಾ 9 ಒತ್ತಬೇಕಾದ ಕಚೇರಿಗಳಲ್ಲಿ, ಆ ಅಂಕಿಯಿಲ್ಲದೆಯೂ ತುರ್ತು ಸಂಖ್ಯೆ 112 ತಲುಪುವಂತೆ ಡಯಲ್ ನಿಯಮ ಬರೆದಿರಬೇಕು.

ಸಿಪ್ ಬಳಸುವ 5060 ಪೋರ್ಟನ್ನು ಇಂಟರ್ನೆಟ್ಟಿನಲ್ಲಿ ಸ್ವಯಂಚಾಲಿತ ತಂತ್ರಾಂಶಗಳು ಎಡೆಬಿಡದೆ ತಡಕುತ್ತಿರುತ್ತವೆ. ದುರ್ಬಲ ಗುಪ್ತಪದ ಸಿಕ್ಕರೆ ರಾತ್ರಿ ಮತ್ತು ರಜೆಯ ದಿನಗಳಲ್ಲಿ ದುಬಾರಿ ವಿದೇಶಿ ಸಂಖ್ಯೆಗಳಿಗೆ ಕರೆ ಮಾಡಿ ವಂಚಿಸುವುದು ಹಲವು ದೇಶಗಳಲ್ಲಿ ಕಂಡ ಅಪರಾಧ. ಆ ಪೋರ್ಟನ್ನು ಹೊರಗಿನವರಿಗೆ ತೆರೆಯದಿರುವುದು, ಬೇಡದಿದ್ದರೆ ವಿದೇಶಿ ಕರೆಗಳನ್ನು ತಡೆಯುವುದು, ಸಂಕೇತಕ್ಕೆ ಟಿಎಲ್‌ಎಸ್ ಮತ್ತು ಧ್ವನಿಗೆ ಎಸ್‌ಆರ್‌ಟಿಪಿ ಗೂಢಲಿಪೀಕರಣ ಬಳಸುವುದು ಮುಖ್ಯ ರಕ್ಷಣೆಗಳು.

ಇಂದಿನ ಸ್ಥಿತಿ

ಹಲವು ದೇಶಗಳಲ್ಲಿ ತಾಮ್ರದ ದೂರವಾಣಿ ಜಾಲ ಕಣ್ಮರೆಯಾಗುತ್ತಿದೆ. ಫ್ರಾನ್ಸಿನಲ್ಲಿ 2018ರ ನವೆಂಬರ್‌ನಿಂದ ಹೊಸ ಅನಲಾಗ್ ಲೈನುಗಳ ಮಾರಾಟ ನಿಂತಿತು. ಜಪಾನಿನ ಎನ್‌ಟಿಟಿ 2024ರ ಜನವರಿಯಿಂದ ಸ್ಥಿರ ದೂರವಾಣಿ ಜಾಲವನ್ನು ಐಪಿಗೆ ಬದಲಿಸತೊಡಗಿತು. ಬ್ರಿಟನ್ನಿನಲ್ಲಿ 2025ರ ಡಿಸೆಂಬರ್‌ಗೆ ನಿಗದಿಯಾಗಿದ್ದ ಮುಕ್ತಾಯವನ್ನು 2027ರ ಜನವರಿಗೆ ಮುಂದೂಡಲಾಯಿತು. ವೃದ್ಧರೂ ರೋಗಿಗಳೂ ಅವಲಂಬಿಸಿದ ತುರ್ತು ಕರೆಯ ಉಪಕರಣಗಳ ಸುರಕ್ಷತೆ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಭಾರತದಲ್ಲಿ ಇಂಟರ್ನೆಟ್ ದೂರವಾಣಿಗೆ 2002ರ ಏಪ್ರಿಲ್‌ನಲ್ಲಿ ಮಿತ ಅನುಮತಿ ದೊರೆಯಿತು. 2018ರಲ್ಲಿ ನಿಯಮ ಸಡಿಲವಾಗಿ, ಪರವಾನಗಿ ಪಡೆದ ಸೇವಾದಾತರು ಇಂಟರ್ನೆಟ್ ಮೂಲಕ ಸಾಮಾನ್ಯ ಸಂಖ್ಯೆಗಳಿಗೆ ಕರೆ ಒದಗಿಸುವುದು ಸಾಧ್ಯವಾಯಿತು. ಕಾಲ್ ಸೆಂಟರುಗಳಿಗೆ ಅನ್ವಯಿಸುತ್ತಿದ್ದ ಕಟ್ಟುಪಾಡುಗಳನ್ನು 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಬಹುಮಟ್ಟಿಗೆ ತೆಗೆಯಿತು. ಬೆಂಗಳೂರಿನ ಹೊರಗುತ್ತಿಗೆ ಕಂಪನಿಗಳಿಗೆ ಇದು ನೇರವಾಗಿ ತಟ್ಟಿದ ಬದಲಾವಣೆ. ಫೈಬರ್ ಜಾಲದ ಓಎನ್‌ಟಿಗಳನ್ನು ತಯಾರಿಸುವ ಭಾರತೀಯ ಕಂಪನಿಗಳಲ್ಲಿ 2000ದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ತೇಜಸ್ ನೆಟ್‌ವರ್ಕ್ಸ್ ಒಂದು. ಬಿಎಸ್‌ಎನ್‌ಎಲ್, ಜಿಯೋ ಮುಂತಾದ ಸೇವಾದಾತರ ಫೈಬರ್ ಸಂಪರ್ಕಗಳಲ್ಲಿ ಸ್ಥಿರ ದೂರವಾಣಿ ಸಂಖ್ಯೆಯೂ ಸೇರಿ ಬರುತ್ತದೆ, ಹಳೆಯ ಅನಲಾಗ್ ಫೋನನ್ನು ಓಎನ್‌ಟಿ ಅಥವಾ ರೂಟರ್‌ನ ಆರ್‌ಜೆ11 ಪೋರ್ಟ್‌ಗೆ ಜೋಡಿಸಿ ಬಳಸಲಾಗುತ್ತದೆ.